ಮಗಳು ಹುಟ್ಟಿದ್ದು ಮ್ಯಾಂಗಲೋರ್‌ನಲ್ಲೋ, ಮಂಗಳೂರಿನಲ್ಲೋ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಹೆಂಡತಿಯ ತವರು ಮಂಗಳೂರು. ಮಗಳು 2003ರಲ್ಲಿ ಅಲ್ಲೇ ಹುಟ್ಟಿದಳು. ಜನನ ಪ್ರಮಾಣಪತ್ರದ ಇಂಗ್ಲಿಷ್ ಭಾಗದಲ್ಲಿ ‘ಮ್ಯಾಂಗಲೋರ್’ ಎಂದಿದೆ. ಹೋದ ವರ್ಷ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಹೊಸ ಸ್ಪೆಲ್ಲಿಂಗಿನ ‘ಮಂಗಳೂರು’ ಬಂದಿದೆ. ಈಗ ಅವಳು ಓದಲು ಹೊರದೇಶಕ್ಕೆ ಹೊರಟಿದ್ದಾಳೆ. ಏಜೆಂಟರೊಬ್ಬರು ‘ಎರಡೂ ಬೇರೆ ಊರು ಅಂದುಕೊಂಡು ವೀಸಾ ತಡೆಯುತ್ತಾರೆ, ಹಳೆಯ ಕಾಗದ ಎಲ್ಲ ಬದಲಾಯಿಸಿ’ ಎಂದು ಹೆದರಿಸಿದ್ದಾರೆ. ಮನೆಯಲ್ಲೂ ಇದೇ ಮಾತು. ಬ್ರಿಟಿಷರು ಕೆಡಿಸಿದ ಹೆಸರನ್ನು ಸರ್ಕಾರ ಸರಿಮಾಡಿತು ಎನ್ನುತ್ತಾರೆ ಅಪ್ಪ. ಹೆಂಡತಿ ಕಡೆಯವರು ಎರಡೂ ಅಲ್ಲ, ಅದು ಕುಡ್ಲ ಎನ್ನುತ್ತಾರೆ. ವಾಟ್ಸಾಪಿನಲ್ಲಿ ಒಬ್ಬರು ಮಂಗಳಾದೇವಿಯಿಂದ ಬಂದ ಹೆಸರು ಅಂದರೆ, ಇನ್ನೊಬ್ಬರು ಟಿಪ್ಪುವಿನ ಕಥೆ ತೆಗೆಯುತ್ತಾರೆ. ಯಾವುದು ನಿಜ? ಕಾಗದ ತಿದ್ದಿಸಬೇಕಾ? ಇನ್ನೊಂದು ವಿಷಯ: ನಾವು ನಾಲ್ಕೈದು ಬೆಳೆಗಾರರು ಸೇರಿ ಸ್ವಲ್ಪ ಕಾಫಿ ನೇರವಾಗಿ ಹೊರಗೆ ಕಳಿಸುವ ಯೋಚನೆಯಲ್ಲಿದ್ದೇವೆ. ಬಂದರಿನ ಹೆಸರು ಯಾವ ಸ್ಪೆಲ್ಲಿಂಗಿನಲ್ಲಿ ಬರೆಯಬೇಕು?

ಉತ್ತರ: ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ. ನಿಮ್ಮ ನಿದ್ದೆ ಕೆಟ್ಟಿರುವುದು ಅದರಿಂದ, ಅಲ್ವಾ? ಜನನ ಪ್ರಮಾಣಪತ್ರವನ್ನು ಮುಟ್ಟಬೇಡಿ. ಅದರಲ್ಲಿ ತಪ್ಪೇನೂ ಇಲ್ಲ. 2003ರಲ್ಲಿ ಆ ಊರನ್ನು ಇಂಗ್ಲಿಷಿನಲ್ಲಿ ಹಾಗೇ ಬರೆಯುತ್ತಿದ್ದರು. ಗುಮಾಸ್ತರೂ ಹಾಗೇ ಬರೆದಿದ್ದಾರೆ. ಏಜೆಂಟರ ಮಾತು ಕೇಳಿ ಎಲ್ಲ ಕಾಗದ ಬದಲಾಯಿಸಲು ಹೊರಟರೆ, ಈಗ ಒಂದಿರುವ ಗೊಂದಲ ನಾಲ್ಕಾಗುತ್ತದೆ. ಅದು ಹೇಗೆ ಅಂತ ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ.

ನಾನು ವಕೀಲನಲ್ಲ. ಹಾಸನದಲ್ಲಿ ಕೂತು ಮೂವತ್ತು ವರ್ಷ ಶಾಸನ, ಹಳೆಯ ಕ್ರಯಪತ್ರ, ಕಂದಾಯದ ದಾಖಲೆ ಓದಿಕೊಂಡು ಬಂದವನು. ಊರಿನ ಹೆಸರುಗಳೇ ನನ್ನ ಕಸುಬು. ನಿಮ್ಮಂಥ ಪ್ರಶ್ನೆ ಹಿಡಿದು ಬರುವವರು ವರ್ಷಕ್ಕೆ ಐದಾರು ಜನ ಇದ್ದೇ ಇರುತ್ತಾರೆ. ಅವರಲ್ಲಿ ಬಹಳ ಜನ ಒಂದೇ ಕಡೆ ಎಡವುತ್ತಾರೆ. 2014ರಲ್ಲಿ ಮಂಗಳೂರಿನ ಹೆಸರು ಬದಲಾಯಿತು ಎಂದು ನಂಬಿರುತ್ತಾರೆ.

ಹೆಸರು ಬದಲಾಗಲೇ ಇಲ್ಲ. ಬದಲಾಗಿದ್ದು ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಕನ್ನಡದ ಮೊದಲ ಪತ್ರಿಕೆ ಹೊರಟಿದ್ದು 1843ರ ಜುಲೈ 1ರಂದು, ಮಂಗಳೂರಿನಲ್ಲಿ. ಅದಕ್ಕೇ ನಾವು ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುವುದು. ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಜರ್ಮನಿಯಿಂದ ಬಂದವರು. ಪತ್ರಿಕೆಯ ಹೆಸರು ‘ಮಂಗಳೂರ ಸಮಾಚಾರ’. ಕಂಪನಿ ಸರ್ಕಾರ ಗಟ್ಟಿಯಾಗಿ ಕೂತಿದ್ದ ಕಾಲ. ಹೊರಡಿಸಿದವರು ಯುರೋಪಿನವರು. ಆದರೂ ಕನ್ನಡದಲ್ಲಿ ಬರೆಯುವಾಗ ಊರು ಮಂಗಳೂರೇ. ನಾನು ನೋಡಿದ ಹಳೆಯ ತೋಟದ ಲೆಕ್ಕದ ಪುಸ್ತಕಗಳಲ್ಲೂ ಇದೇ ಕಥೆ. ಇಂಗ್ಲಿಷ್ ಕಾಲಂನಲ್ಲಿ ಮ್ಯಾಂಗಲೋರ್, ಅದೇ ಸಾಲಿನ ಕನ್ನಡ ಟಿಪ್ಪಣಿಯಲ್ಲಿ ‘ಮಂಗಳೂರಿಗೆ ಹೋದ ಗಾಡಿ’. ಬರೆದ ಗುಮಾಸ್ತನಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ.

2014ರ ನವೆಂಬರ್ 1ರಂದು ಒಟ್ಟು 12 ಊರುಗಳ ಇಂಗ್ಲಿಷ್ ರೂಪ ಬದಲಾಯಿತು. ಬೆಂಗಳೂರು, ಮಂಗಳೂರು, ಮೈಸೂರು, ಬೆಳಗಾವಿ, ಬಳ್ಳಾರಿ, ಹುಬ್ಬಳ್ಳಿ, ಶಿವಮೊಗ್ಗ, ತುಮಕೂರು, ಹೊಸಪೇಟೆ, ಕಲಬುರಗಿ, ವಿಜಯಪುರ. ಹನ್ನೆರಡನೆಯದು ಯಾವುದು ಹೇಳಿ ನೋಡೋಣ? ನಿಮ್ಮ ಚಿಕ್ಕಮಗಳೂರು! ಅದೇ ದಿನ, ಅದೇ ಆದೇಶ. ‘ಚಿಕ್‌ಮಗಳೂರ್’ ಎಂದು ಬರೆಯುತ್ತಿದ್ದದ್ದು ಪೂರ್ತಿ ‘ಚಿಕ್ಕಮಗಳೂರು’ ಆಯಿತು. ನಿಮ್ಮ ತೋಟದ ಹಳೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರು ಹಳೆಯ ಸ್ಪೆಲ್ಲಿಂಗಿನಲ್ಲೇ ಇರುತ್ತದೆ. ಅದರಿಂದ ತೋಟ ಹೋಯಿತು ಅಂತ ನೀವು ಯಾವತ್ತಾದರೂ ಹೆದರಿದಿರಾ? ಮಗಳ ಪ್ರಮಾಣಪತ್ರವೂ ಅಷ್ಟೇ.

(ನಮ್ಮ ಹಾಸನಕ್ಕೆ ಈ ಭಾಗ್ಯ ಸಿಗಲಿಲ್ಲ. ಇಂಗ್ಲಿಷಿನಲ್ಲಿ ನಮ್ಮೂರು ಬರೆದರೆ ಹೊರಗಿನವರು ಈಗಲೂ ಯಾರೋ ಹಸನ್ ಸಾಹೇಬರ ಹೆಸರು ಅಂದುಕೊಳ್ಳುತ್ತಾರೆ. ಹಾಸನಾಂಬೆ ನಗುತ್ತಾ ಸುಮ್ಮನಿದ್ದಾಳೆ.)

ಆ 12ರಲ್ಲೂ ಎಲ್ಲವೂ ಒಂದೇ ತರಹದವಲ್ಲ. ಬಿಜಾಪುರ ವಿಜಯಪುರವಾದಾಗ ಕನ್ನಡದ ಬಾಯಲ್ಲೂ ಹೆಸರು ಬದಲಾಯಿತು. ಗುಲ್ಬರ್ಗ ಕಲಬುರಗಿಯಾದಾಗಲೂ ಬಹಳ ಜನರಿಗೆ ಹಾಗೇ ಆಯಿತು. 1996ರಲ್ಲಿ ಮದ್ರಾಸ್ ಚೆನ್ನೈ ಆದದ್ದಂತೂ ಪೂರ್ತಿ ಬೇರೆ ಹೆಸರೇ. ಮಂಗಳೂರು ಹಾಗಲ್ಲ. ಕನ್ನಡದಲ್ಲಿ ಒಂದು ಅಕ್ಷರವೂ ಅಲುಗಲಿಲ್ಲ.

ಈಗ ನಿಮ್ಮ ತಂದೆಯವರ ಮಾತಿಗೆ ಬರೋಣ. ಅವರು ಹೇಳುವುದರಲ್ಲಿ ಅರ್ಧ ಸರಿ. ಹೊರಗಿನವರ ನಾಲಿಗೆಯಲ್ಲಿ ಹೆಸರು ತಿರುಚಿದ್ದು ಹೌದು. ಆದರೆ ತಿರುಚಿದವರಲ್ಲಿ ಮೊದಲಿಗರು ಬ್ರಿಟಿಷರಲ್ಲ, ಪೋರ್ಚುಗೀಸರು. ಹದಿನಾರನೇ ಶತಮಾನದ ಅವರ ಬರಹಗಳಲ್ಲಿ ‘ಮಂಗಲೋರ್’ ಎಂದು ಬರುತ್ತದೆ. ನಮ್ಮ ‘ಊರು’ ಅವರ ಕೈಯಲ್ಲಿ ‘ಓರ್’ ಆಗುತ್ತಿತ್ತು. ಬಸ್ರೂರು ‘ಬಾರ್ಸಲೋರ್’ ಆಯಿತು, ಕಣ್ಣೂರು ‘ಕನನೋರ್’ ಆಯಿತು, ಹೊನ್ನಾವರವಂತೂ ‘ಒನೋರ್’ ಆಗಿ ಅರ್ಧಕ್ಕೆ ಇಳಿಯಿತು. ಆಮೇಲೆ ಬಂದ ಇಂಗ್ಲಿಷರು ಅದನ್ನೇ ಎತ್ತಿಕೊಂಡು ಕೊನೆಗೆ ಒಂದು ಅಕ್ಷರ ಅಂಟಿಸಿದರು, ಅಷ್ಟೆ.

‘ಳ’ಕಾರ ಮಾತ್ರ ಅವರ ಯಾರ ಬಾಯಿಗೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಹೊಸ ಸ್ಪೆಲ್ಲಿಂಗಿನಲ್ಲೂ ಅದು ಇಲ್ಲ. ಇಂಗ್ಲಿಷಿನಲ್ಲಿ ‘ಲ’ಕ್ಕೂ ‘ಳ’ಕ್ಕೂ ಒಂದೇ ಅಕ್ಷರ. ಉತ್ತರದ ವಾರ್ತಾವಾಚಕರು ಈಗಲೂ ‘ಮಂಗಲೂರು’ ಎನ್ನುವುದು ಇದಕ್ಕೇ. ಸ್ಪೆಲ್ಲಿಂಗ್ ಸರಿಮಾಡಿದರೆ ಉಚ್ಚಾರ ಸರಿಯಾಗುತ್ತದೆ ಎಂಬ ಆಸೆ ನನಗಂತೂ ಯಾವತ್ತೂ ಇರಲಿಲ್ಲ.

ಪೋರ್ಚುಗೀಸರಿಗೂ ಹಿಂದೆ ಹೋದರೆ ಕಥೆ ಇನ್ನೂ ಚೆನ್ನಾಗಿದೆ. 1342ರ ಹೊತ್ತಿಗೆ ಇಬ್ನ್ ಬತೂತ ಈ ಕರಾವಳಿಗೆ ಬಂದ. ಅವನು ಊರನ್ನು ‘ಮಂಜರೂರ್’ ಎಂದು ಕರೆಯುತ್ತಾನೆ. ದೊಡ್ಡ ಅಳಿವೆಯ ದಡದಲ್ಲಿರುವ ಪಟ್ಟಣ, ಪರ್ಷಿಯಾದ ಫಾರ್ಸ್ ಮತ್ತು ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುವ ಜಾಗ, ಮೆಣಸು ಮತ್ತು ಶುಂಠಿ ಬೇಕಾದಷ್ಟು, ಊರಲ್ಲಿ ಸುಮಾರು 4000 ಮುಸಲ್ಮಾನರಿದ್ದಾರೆ ಎಂದೆಲ್ಲ ಬರೆದಿದ್ದಾನೆ. ಆ ಮೆಣಸಿನಲ್ಲಿ ಘಟ್ಟದ್ದೂ ಇದ್ದಿರಬೇಕು, ನಿಮ್ಮ ಕಡೆಯ ಮರಗಳದ್ದೇ ಇದ್ದರೂ ಆಶ್ಚರ್ಯವಿಲ್ಲ.

ಇನ್ನೂ ಇನ್ನೂರು ವರ್ಷ ಹಿಂದೆ, ಹನ್ನೆರಡನೇ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದ. ಅವನ ಕಾಗದಪತ್ರಗಳು ಈಜಿಪ್ಟಿನ ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದಲ್ಲಿ ಉಳಿದುಕೊಂಡವು. ಅವುಗಳಲ್ಲೂ ಊರು ‘ಮಂಜರೂರ್’. ಅವನ ಕೈಕೆಳಗಿದ್ದ ಒಬ್ಬ ನಂಬಿಕಸ್ಥ ಆಳಿನ ಹೆಸರನ್ನು ವಿದ್ವಾಂಸರು ‘ಬೊಮ್ಮ’ ಎಂದು ಓದುತ್ತಾರೆ. ಬೊಮ್ಮ! ಕೈರೋದ ಕಾಗದದಲ್ಲಿ ನಮ್ಮ ಬೊಮ್ಮ ಸಿಕ್ಕಾಗ ನನಗಾದ ಖುಷಿ ಹೇಳಲಾರೆ.

‘ಮಂಜರೂರ್’ ಎಂದಾಕ್ಷಣ ಇದು ಬೇರೆ ಹೆಸರು ಅಂದುಕೊಳ್ಳಬೇಡಿ. ಅರಬ್ಬಿಯಲ್ಲಿ ‘ಗ’ ಬರೆಯಲು ಬೇರೆ ಅಕ್ಷರವಿಲ್ಲ, ‘ಜ’ದಲ್ಲೇ ಬರೆಯುತ್ತಿದ್ದರು. ‘ಳ’ ಕೇಳಿದವರಿಗೆ ಅದು ‘ರ’ದ ಹಾಗೆ ಕೇಳಿಸಿದೆ. ಎರಡನ್ನೂ ತಿರುಗಿಸಿ ಹಾಕಿ ನೋಡಿ, ಮಂಗಳೂರ್ ಎಂದೇ ಆಗುತ್ತದೆ. ಕೊನೆಯ ‘ಊರು’ ಅಲ್ಲಿ ಸ್ಪಷ್ಟವಾಗಿ ಕೂತಿದೆ. ಆರನೇ ಶತಮಾನದ ಕಾಸ್ಮಸ್ ಎಂಬ ಗ್ರೀಕ್ ಬರಹಗಾರ ಮೆಣಸು ಹೊರಡುವ ಐದು ಪೇಟೆಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ‘ಮಂಗರೂತ್’ ಇದೆ. ಅದು ಮಂಗಳೂರೇ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಅಂದರೆ ಈ ಹೆಸರಿಗೆ ಹತ್ತಿರ ಹತ್ತಿರ ಒಂದೂವರೆ ಸಾವಿರ ವರ್ಷ.

ಈ ಒಂದೂವರೆ ಸಾವಿರ ವರ್ಷದ ಲೆಕ್ಕ ಇಟ್ಟುಕೊಂಡು ಮಂಗಳಾದೇವಿಯ ಕಥೆ ನೋಡಿ. ಮಲಬಾರಿನ ರಾಜಕುಮಾರಿಯೊಬ್ಬಳು ರಾಜ್ಯ ಬಿಟ್ಟು ನಾಥಪಂಥದ ಮತ್ಸ್ಯೇಂದ್ರನಾಥರ ಶಿಷ್ಯೆಯಾದಳು. ಅವರು ಅವಳಿಗೆ ಮಂಗಳಾದೇವಿ ಎಂದು ಹೆಸರಿಟ್ಟರು. ಅವಳು ಬೋಳಾರದಲ್ಲಿ ನೆಲೆ ನಿಂತಳು, ಕಾಲವಾದ ಮೇಲೆ ಅಲ್ಲೇ ಗುಡಿಯಾಯಿತು, ಗುಡಿಯಿಂದ ಊರಿಗೆ ಹೆಸರು ಬಂತು. ಮಂಗಳೂರಿನ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ ಇದು. ಕಥೆಯೊಳಗೆ ಇತಿಹಾಸದ ಎಳೆಯೂ ಇದೆ. ನಾಥಪಂಥಕ್ಕೂ ಮಂಗಳೂರಿಗೂ ನಂಟು ಗಟ್ಟಿ. ಕದ್ರಿಯಲ್ಲಿ ಜೋಗಿಗಳ ಮಠ ಇವತ್ತಿಗೂ ಇದೆ. ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿಯ ಮೇಲೆ ಆಳುಪ ರಾಜ ಕುಂದವರ್ಮನ 968ರ ಶಾಸನವೂ ಇದೆ.

ಆದರೆ ಕಾಲದ ಲೆಕ್ಕ ಕೂಡುವುದಿಲ್ಲ. ಮತ್ಸ್ಯೇಂದ್ರನಾಥರನ್ನು ಸಾಮಾನ್ಯವಾಗಿ ಹತ್ತನೇ ಶತಮಾನದ ಆಸುಪಾಸಿನವರು ಎನ್ನುತ್ತಾರೆ. ‘ಮಂಗರೂತ್’ ಅದಕ್ಕಿಂತ ನಾನೂರು ವರ್ಷ ಹಳೆಯದು. ಊರಿಗೆ ಆಗಲೇ ಹೆಸರಿತ್ತು. ದೇವಿಯ ಕಥೆ ಆಮೇಲೆ ಬಂದು ಅದರ ಪಕ್ಕ ಕೂತಿದೆ. ಊರಿಂದಲೇ ದೇವಿಗೆ ಹೆಸರು ಬಂದಿರಬಹುದು, ಅಥವಾ ಅದಕ್ಕೂ ಮೊದಲೇ ಅಲ್ಲಿ ಒಬ್ಬ ದೇವಿ ಇದ್ದಿರಬಹುದು. ‘ಮಂಗಲ’ ಎಂಬ ಮಾತಂತೂ ಊರ ಹೆಸರುಗಳಲ್ಲಿ ಸರ್ವೇಸಾಮಾನ್ಯ, ನೆಲಮಂಗಲ, ಶ್ರೀಮಂಗಲ ಇಲ್ಲವಾ ಹಾಗೆ. ಕಥೆ ಸುಳ್ಳು ಅಂತ ನಿಮ್ಮ ಅತ್ತೆಯವರ ಹತ್ತಿರ ವಾದಕ್ಕೆ ನಿಲ್ಲಬೇಡಿ. ಅದು ಗುಡಿಯ ಕಥೆ. ಹೆಸರಿನ ಹುಟ್ಟಿಗೆ ಅದು ದಾಖಲೆಯಾಗುವುದಿಲ್ಲ, ಅಷ್ಟೆ.

ನಿಮ್ಮ ಊರಲ್ಲೇ ಇಂಥದ್ದೊಂದು ಇದೆ. ಸಖರಾಯಪಟ್ಟಣದ ರುಕ್ಮಾಂಗದ ತನ್ನ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟದ್ದು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟದ್ದು ಹಿರೇಮಗಳೂರು ಅಂತ ಎಲ್ಲರೂ ಹೇಳುತ್ತಾರೆ. ಕೇಳಲು ಸೊಗಸು. ಆದರೆ ಶಾಸನದಲ್ಲಿ ಸಿಗುವುದು ‘ಕಿರಿಯ ಮುಗುಳಿ’, ‘ಪಿರಿಯ ಮುಗುಳಿ’. ಅಲ್ಲಿ ಮಗಳೇ ಇಲ್ಲ! ‘ಪಿರಿಯ’ ಕಾಲ ಕಳೆದ ಹಾಗೆ ‘ಹಿರಿಯ’ ಆಯಿತು, ‘ಕಿರಿಯ’ದ ಜಾಗಕ್ಕೆ ‘ಚಿಕ್ಕ’ ಬಂತು, ‘ಮುಗುಳಿ’ ಸವೆದು ಸವೆದು ಮಗಳಾದಳು. ಜನರಿಗೆ ಅರ್ಥವಾಗದ ಹಳೆಯ ಮಾತು ಎದುರಾದರೆ ಅವರು ಗೊತ್ತಿರುವ ಮಾತಿಗೆ ಅದನ್ನು ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಅದಕ್ಕೊಂದು ಕಥೆ ಕಟ್ಟುತ್ತಾರೆ. ಹೆಸರುಗಳ ವಿಷಯದಲ್ಲಿ ನಾನು ಅತಿ ಹೆಚ್ಚು ಕಂಡಿರುವುದು ಇದನ್ನೇ.

ಟಿಪ್ಪುವಿನ ಮಾತು ಬಂತಲ್ಲ. ಅವನು ಕೆಲವು ಊರಿಗೆ, ಕೋಟೆಗೆ ಹೆಸರು ಬದಲಾಯಿಸಿದ್ದು ನಿಜ. ಬೆಳ್ತಂಗಡಿ ಹತ್ತಿರದ ನರಸಿಂಹಂಗಡಿಯನ್ನು ಜಮಾಲಾಬಾದ್ ಎಂದ. ಆದರೆ ಮಂಗಳೂರು ಎಂಬ ಹೆಸರು ಅವನಿಗೂ ಮುಂಚೆ ಇತ್ತು, ಅವನ ಕಾಲದಲ್ಲೂ ಓಡಾಡುತ್ತಿತ್ತು, ಆಮೇಲೂ ಉಳಿಯಿತು. 1784ರ ಮಾರ್ಚ್ 11ರಂದು ಅವನಿಗೂ ಇಂಗ್ಲಿಷರಿಗೂ ಆದ ಒಪ್ಪಂದವನ್ನು ಎಲ್ಲರೂ ಮಂಗಳೂರಿನ ಒಪ್ಪಂದ ಎಂದೇ ಕರೆಯುವುದು.

ಅವನಿಟ್ಟ ಹೆಸರಿನ ನಿಜವಾದ ಕಥೆ ಬೇಕೆಂದರೆ ಮೂಡಿಗೆರೆಯಿಂದ ಸಕಲೇಶಪುರಕ್ಕೆ ಬನ್ನಿ. ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆ ಇದೆಯಲ್ಲ. ಟಿಪ್ಪು ಇಲ್ಲಿ ನಿಂತಾಗ ಮಂಜು ಕವಿದಿತ್ತು, ಅದಕ್ಕೇ ಮಂಜರಾಬಾದ್ ಅಂತ ಗೈಡುಗಳು ಹೇಳುತ್ತಾರೆ. ಪಾರ್ಸಿಯಲ್ಲಿ ‘ಮಂಜರ್’ ಅಂದರೆ ನೋಟ. ಒಳ್ಳೆಯ ನೋಟ ಸಿಗುವ ಜಾಗ ಎಂದು ಇಟ್ಟ ಹೆಸರಿರಬೇಕು. ನಮ್ಮ ಜನ ಅದಕ್ಕೆ ಕನ್ನಡದ ಮಂಜು ಹೊದಿಸಿದರು. ಜುಲೈನಲ್ಲಿ ಆ ಕೋಟೆ ಹತ್ತಿದವರು ಯಾರೂ ಈ ಮಂಜಿನ ಕಥೆಯನ್ನು ತಪ್ಪು ಎನ್ನುವುದಿಲ್ಲ ಬಿಡಿ. ನಾನು ಹೇಳಲು ಹೊರಟಿದ್ದು ಬೇರೆ. ಸಕಲೇಶಪುರ ತಾಲ್ಲೂಕಿಗೆ ಬಹಳ ಕಾಲ ಮಂಜರಾಬಾದ್ ತಾಲ್ಲೂಕು ಎಂದೇ ಹೆಸರಿತ್ತು. ಆ ಕಡೆಯ ಹಳೆಯ ಮನೆತನಗಳ ಕ್ರಯಪತ್ರ ತೆಗೆದರೆ ‘ಮಂಜರಾಬಾದ್ ತಾಲ್ಲೂಕು’ ಎಂದಿರುತ್ತದೆ. ಇದು ಸ್ಪೆಲ್ಲಿಂಗ್ ಅಲ್ಲ, ಪೂರ್ತಿ ಬೇರೆ ಹೆಸರು. ಆದರೂ ಆ ಪತ್ರಗಳನ್ನು ಯಾರೂ ತಿದ್ದಿಸಲಿಲ್ಲ. ಜಮೀನನ್ನು ಗುರುತಿಸುವುದು ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ. ತಾಲ್ಲೂಕಿನ ಹೆಸರು ಬದಲಾದರೆ ಗುಡ್ಡ ಜಾಗ ಬಿಟ್ಟು ಕದಲುವುದಿಲ್ಲ.

ಇನ್ನು ಕುಡ್ಲ. ನಿಮ್ಮ ಹೆಂಡತಿ ಕಡೆಯವರು ಹೇಳುವುದು ಪೂರ್ತಿ ಸರಿ, ಆದರೆ ‘ಎರಡೂ ಅಲ್ಲ’ ಎಂಬುದು ಸರಿಯಲ್ಲ. ತುಳುವಿನಲ್ಲಿ ಆ ಊರು ಕುಡ್ಲ. ಕೊಂಕಣಿಯಲ್ಲಿ ಕೊಡಿಯಾಳ. ಬ್ಯಾರಿಗಳ ಬಾಯಲ್ಲಿ ಮೈಕಾಲ. ಮಲಯಾಳದವರಿಗೆ ಮಂಗಲಾಪುರಂ. ಕನ್ನಡಕ್ಕೆ ಮಂಗಳೂರು. ಬಂದರು ಅಂದಮೇಲೆ ಹೀಗೇ. ಒಂದು ದಡಕ್ಕೆ ಐದು ಭಾಷೆಯ ದೋಣಿ ಬಂದು ನಿಂತರೆ ಐದು ಹೆಸರು ಹುಟ್ಟುತ್ತವೆ. ಒಂದನ್ನು ಅಸಲಿ, ಉಳಿದದ್ದು ನಕಲಿ ಎನ್ನಲು ನನ್ನ ಹತ್ತಿರ ಯಾವ ಅಳತೆಗೋಲೂ ಇಲ್ಲ.

ಕುಡ್ಲ ಎಂಬುದು ‘ಕೂಡಲ’ದಿಂದ ಬಂತು, ನೀರು ಕೂಡುವ ಜಾಗ ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ನನಗೂ ಅದೇ ಸರಿ ಕಾಣುತ್ತದೆ. ನೇತ್ರಾವತಿಯೂ ಗುರುಪುರ ಹೊಳೆಯೂ ಅಲ್ಲಿ ಒಂದೇ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಕೂಡಲಸಂಗಮದ ಕೂಡಲವೂ ಅದೇ ಮಾತು. ಶಿವಮೊಗ್ಗದ ಹತ್ತಿರ ತುಂಗೆಯೂ ಭದ್ರೆಯೂ ಸೇರುವ ಕೂಡಲಿಯೂ ಅದೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ನಿಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಹುಟ್ಟಿದವು. ಮೂಡಣಕ್ಕೆ ಇಳಿದದ್ದು ಕೂಡಲಿಯಲ್ಲಿ ಕೂಡುತ್ತದೆ, ಪಡುವಣಕ್ಕೆ ಇಳಿದದ್ದು ಕುಡ್ಲದಲ್ಲಿ. ಹೆಂಡತಿಯ ಮುಂದೆ ಹೇಳಿ ನೋಡಿ, ಆ ದಿನದ ಜಗಳವಾದರೂ ನಿಲ್ಲಬಹುದು.

ಹಾಗಾದರೆ ಸರ್ಕಾರ ಮಾಡಿದ್ದಾದರೂ ಏನು? 2005ರ ಡಿಸೆಂಬರಿನಲ್ಲಿ ಯು.ಆರ್. ಅನಂತಮೂರ್ತಿಯವರ ಸಲಹೆ ಒಪ್ಪಿ ಇಂಗ್ಲಿಷಿನಲ್ಲೂ ‘ಬೆಂಗಳೂರು’ ಎಂದೇ ಬರೆಯುವುದಾಗಿ ರಾಜ್ಯ ಸರ್ಕಾರ ಹೇಳಿತು. ಮುಂದೆ ಸುವರ್ಣ ಕರ್ನಾಟಕದ ಹೊತ್ತಿಗೆ ಬೇರೆ ಊರುಗಳೂ ಪಟ್ಟಿಗೆ ಸೇರಿದವು. ಆದರೆ ರಾಜ್ಯವೊಂದೇ ಮನಸ್ಸು ಮಾಡಿದರೆ ಸಾಲದು. ಊರಿನ ಹೆಸರು ಬದಲಾಯಿಸಲು ಕೇಂದ್ರ ಗೃಹ ಇಲಾಖೆಯ ಒಪ್ಪಿಗೆ ಬೇಕು. ಅವರು ರೈಲ್ವೆ, ಅಂಚೆ, ಸರ್ವೆ ಇಲಾಖೆಗಳನ್ನು ಕೇಳುತ್ತಾರೆ. ಇದಕ್ಕೆ 1953ರಲ್ಲೇ ಒಂದು ಮಾರ್ಗಸೂಚಿ ಇದೆ. ಜನ ಒಗ್ಗಿಹೋದ ಹೆಸರನ್ನು ಬಲವಾದ ಕಾರಣವಿಲ್ಲದೆ ಬದಲಾಯಿಸಬಾರದು ಎಂಬುದು ಅದರ ಒಂದು ತಿರುಳು. ಬೆಳಗಾವಿಯ ಬಗ್ಗೆ ಮಹಾರಾಷ್ಟ್ರದ ತಕರಾರೂ ಇತ್ತು. ಹೀಗೆ ಎಳೆದು ಎಳೆದು ಒಪ್ಪಿಗೆ ಸಿಕ್ಕಿದ್ದು 2014ರ ಅಕ್ಟೋಬರಿನಲ್ಲಿ. ಅನಂತಮೂರ್ತಿಯವರು ಆ ವರ್ಷದ ಆಗಸ್ಟಿನಲ್ಲೇ ತೀರಿಕೊಂಡಿದ್ದರು.

ಆ ಆದೇಶ ಊರಿಗೆ ಸಂಬಂಧಿಸಿದ್ದು. ಊರ ಹೆಸರು ಹೊತ್ತ ಸಂಸ್ಥೆಗಳ ಹೆಸರು ತಾನಾಗಿಯೇ ಬದಲಾಗುವುದಿಲ್ಲ. ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ಹಳೆಯ ಸ್ಪೆಲ್ಲಿಂಗಿನಲ್ಲೇ ಇದೆ. ಪಣಂಬೂರಿನ ದೊಡ್ಡ ಬಂದರು ಇಂಗ್ಲಿಷಿನಲ್ಲಿ ಈಗಲೂ ‘ನ್ಯೂ ಮ್ಯಾಂಗಲೋರ್’. ವಿಮಾನ ನಿಲ್ದಾಣದ ಸಂಕೇತ ಐಎಕ್ಸ್‌ಇ. ಅದರಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ! ಚೆನ್ನೈ ಆಗಿ ಇಷ್ಟು ವರ್ಷವಾದರೂ ಮದ್ರಾಸ್ ಹೈಕೋರ್ಟ್ ಮದ್ರಾಸ್ ಹೈಕೋರ್ಟೇ. ಹೀಗೆ ಎರಡು ಸ್ಪೆಲ್ಲಿಂಗ್ ಒಟ್ಟಿಗೆ ಬದುಕುವುದು ಈ ದೇಶದಲ್ಲಿ ಮಾಮೂಲು. ವೀಸಾ ಕಚೇರಿಯವರು ದಿನವೂ ನೋಡುವಂಥದ್ದೇ.

ಈಗ ಕಾಗದಗಳಿಗೆ ಬರುತ್ತೇನೆ.

ಒಂದು ದಾರಿ ಎಂದರೆ ಏನೂ ಮಾಡದಿರುವುದು. ಪ್ರಮಾಣಪತ್ರ ಹಾಗೇ, ಪಾಸ್‌ಪೋರ್ಟ್ ಹಾಗೇ. ಅರ್ಜಿಯಲ್ಲಿ ಹುಟ್ಟಿದ ಊರು ಕೇಳಿದಾಗ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ಅಕ್ಷರಗಳಲ್ಲಿ ತುಂಬಬೇಕು. ಇದರಲ್ಲಿ ಅಪಾಯ ಅಂದರೆ ಇಷ್ಟೇ, ಹೊರದೇಶದ ಗುಮಾಸ್ತರೊಬ್ಬರು ‘ಇದೇಕೆ ಎರಡು ತರಹ’ ಎಂದು ಒಂದು ಪತ್ರ ಬರೆದು ಕೇಳಬಹುದು. ಆಗ ನಾಲ್ಕಾರು ದಿನ ತಡವಾಗುತ್ತದೆ.

ಆ ತಡವೂ ಬೇಡ ಎಂದರೆ 2014ರ ಸರ್ಕಾರಿ ಅಧಿಸೂಚನೆಯ ಒಂದು ಪ್ರತಿ ಇಟ್ಟುಕೊಳ್ಳಿ. ಬೇಕಾದರೆ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿ. ‘ಈ ಎರಡೂ ಹೆಸರು ಕರ್ನಾಟಕದ ಒಂದೇ ನಗರದ್ದು, 2014ರ ನವೆಂಬರ್ 1ರಿಂದ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಗಿದೆ’ ಎಂಬ ಎರಡು ಸಾಲು ಸಾಕು. ಖರ್ಚು ಕಡಿಮೆ, ಹಳೆಯ ಕಾಗದವೂ ಕೆಡುವುದಿಲ್ಲ. ಕೇಳಿದರೆ ಕೊಡಿ, ಕೇಳದಿದ್ದರೆ ಸುಮ್ನೆ ತುರುಕಬೇಡಿ. ಕೇಳದ ಕಾಗದ ಕೊಟ್ಟರೆ ಅವರಿಗೆ ಇಲ್ಲದ ಅನುಮಾನ ಹುಟ್ಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಇದನ್ನೇ ಮಾಡುತ್ತಿದ್ದೆ.

ಮೂರನೆಯದು ಏಜೆಂಟರು ಹೇಳಿದ್ದು, ಪ್ರಮಾಣಪತ್ರವನ್ನೇ ತಿದ್ದಿಸುವುದು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಿದ್ದುಪಡಿಗೆ ದಾರಿ ಕೊಡುತ್ತದೆ. ಆದರೆ ಅದು ತಪ್ಪಾಗಿ ಬರೆದದ್ದನ್ನು ಸರಿಮಾಡಲು ಇರುವ ಕಲಂ. ನಿಮ್ಮ ಮಗಳ ದಾಖಲೆಯಲ್ಲಿ ತಪ್ಪೇ ಇಲ್ಲ. ಇಲ್ಲದ ತಪ್ಪನ್ನು ಇದೆ ಎಂದು ನೀವೇ ಬರೆದುಕೊಡಬೇಕಾಗುತ್ತದೆ. ಒಂದು ವೇಳೆ ಒಪ್ಪಿದರೂ ಮೂಲ ದಾಖಲೆಯನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಟಿಪ್ಪಣಿ ಹಾಕುತ್ತಾರೆ. ಇಷ್ಟು ವರ್ಷ ಸುಮ್ಮನಿದ್ದು ಈಗ, ವೀಸಾ ಅರ್ಜಿಯ ಹೊತ್ತಿಗೆ ತಿದ್ದಿದ್ದೇಕೆ ಎಂಬ ಪ್ರಶ್ನೆ ಬರುತ್ತದೆ. ಹಳೆಯ ಪ್ರತಿಗೆ ಅಪೊಸ್ಟಿಲ್ ಮುದ್ರೆ (ಹೊರದೇಶದವರು ಕಾಗದ ಒಪ್ಪಲೆಂದು ಹಾಕಿಸುವ ಸರ್ಕಾರಿ ಮುದ್ರೆ) ಹಾಕಿಸಿದ್ದರೆ ಅದೂ ದಂಡ, ಹೊಸದಕ್ಕೆ ಮತ್ತೆ ಹಾಕಿಸಬೇಕು. ಹತ್ತನೇ ತರಗತಿಯ ಅಂಕಪಟ್ಟಿ, ಶಾಲೆಯ ದಾಖಲೆಗಳಲ್ಲಿ ಹಳೆಯ ಸ್ಪೆಲ್ಲಿಂಗ್ ಇದ್ದರೆ ಅವನ್ನೂ ಬೆನ್ನಟ್ಟಬೇಕು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. 2016ರಲ್ಲಿ ನಮ್ಮ ನೆಂಟರ ಹುಡುಗನಿಗೆ ‘ಸರಿಯಾದ ಹೆಸರು ಇರಲಿ’ ಅಂತ ಉತ್ಸಾಹದಿಂದ ತಿದ್ದುಪಡಿಗೆ ಕಳಿಸಿದವನು ನಾನೇ. ಆಗಷ್ಟೇ ಹೊಸ ಸ್ಪೆಲ್ಲಿಂಗ್ ಬಂದಿತ್ತು, ನನಗೂ ಹುಮ್ಮಸ್ಸು ಜಾಸ್ತಿ. ಒಂದು ಕಾಗದ ತಿದ್ದಿದ ಮೇಲೆ ಅದು ಉಳಿದ ಮೂರಕ್ಕೆ ಹೊಂದಲಿಲ್ಲ. ಆರು ತಿಂಗಳು ಅಲೆದ. ಕೊನೆಗೆ ಅವನ ಕೆಲಸ ಆದದ್ದು ಎರಡು ಸಾಲಿನ ನೋಟರಿ ಕಾಗದದಿಂದ. ಅವರ ಮನೆಗೆ ಹೋದರೆ ಈಗಲೂ ಕಾಫಿ ಕೊಡುವ ಮೊದಲು ಆ ಕಥೆ ತೆಗೆಯುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಾನು ಹೇಳಿದ್ದೆಲ್ಲ ಊರಿನ ಸ್ಪೆಲ್ಲಿಂಗಿಗೆ. ಮಗಳ ಸ್ವಂತ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಖು ಇವುಗಳಲ್ಲಿ ಒಂದಕ್ಷರ ವ್ಯತ್ಯಾಸವಿದ್ದರೂ ಸುಮ್ಮನಿರಬೇಡಿ. ಅದನ್ನು ಸರಿಮಾಡಿಸಲೇಬೇಕು. ಏಜೆಂಟರ ಮುಂದೆ ಎಲ್ಲ ಕಾಗದ ಹರಡಿ ಊರ ಹೆಸರಿನ ಬದಲು ಅದನ್ನು ನೋಡಿಸಿ.

ದಕ್ಷಿಣ ಕನ್ನಡ ಜಿಲ್ಲೆಗೇ ಮಂಗಳೂರು ಜಿಲ್ಲೆ ಎಂದು ಹೆಸರಿಡಬೇಕು ಎಂಬ ಬೇಡಿಕೆ ನೀವೂ ಕೇಳಿರುತ್ತೀರಿ. ನಾಳೆ ಅದೇ ಆದರೂ ಇದೇ ಮಾತು, ಹಳೆಯ ಕಾಗದ ಹಳೆಯ ಹೆಸರಿನಲ್ಲೇ ಇರಲಿ. ಆ ಜಿಲ್ಲೆ ಮೊದಲು ಸೌತ್ ಕೆನರಾ ಆಗಿತ್ತು. ‘ಕೆನರಾ’ ಎಂಬುದೇ ‘ಕನ್ನಡ’ ಪೋರ್ಚುಗೀಸರ ಬಾಯಲ್ಲಿ ಹೊರಳಿ ಬಂದ ರೂಪ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಹೆಸರಲ್ಲಿ ಅದು ಇವತ್ತೂ ಇದೆ. ನಿಮ್ಮ ತಂದೆಯವರು ಆ ಹೆಸರನ್ನೂ ತಿದ್ದಬೇಕು ಎನ್ನುತ್ತಾರಾ, ಕೇಳಿ ನೋಡಿ.

ಕೊನೆಗೆ ಕಾಫಿ. ಇಲ್ಲಿ ಮಾತ್ರ ಸ್ಪೆಲ್ಲಿಂಗ್ ವಿಷಯದಲ್ಲಿ ಹಗುರವಾಗಿರಬೇಡಿ. ಕೊಳ್ಳುವವರ ಬ್ಯಾಂಕು ಹಣದ ಭರವಸೆಯ ಪತ್ರ ಕಳಿಸುತ್ತದಲ್ಲ, ಎಲ್‌ಸಿ ಎನ್ನುತ್ತಾರೆ, ಅದರಲ್ಲಿ ಸರಕು ಹೇರುವ ಬಂದರಿನ ಹೆಸರು ಇರುತ್ತದೆ. ಸರಕು ಹೇರಿಕೊಂಡದ್ದಕ್ಕೆ ಹಡಗಿನವರು ಕೊಡುವ ರಸೀದಿಯಲ್ಲೂ (ಬಿಲ್ ಆಫ್ ಲೇಡಿಂಗ್) ಅದೇ ಬಂದರು ಕಾಣಬೇಕು. ಬ್ಯಾಂಕಿನವರು ಕಾಗದಕ್ಕೆ ಕಾಗದ ತಾಳೆ ಹಾಕುತ್ತಾರೆ, ಊರಿನ ಇತಿಹಾಸ ಕೇಳುವುದಿಲ್ಲ. ಅಲ್ಲಿ ‘ನ್ಯೂ ಮ್ಯಾಂಗಲೋರ್’ ಎಂದಿದ್ದರೆ ನೀವು ಅಭಿಮಾನಕ್ಕೆ ಬಿದ್ದು ಹೊಸ ಸ್ಪೆಲ್ಲಿಂಗ್ ಹಾಕಬೇಡಿ. ‘ನ್ಯೂ’ ಎಂಬ ಮಾತನ್ನೂ ಬಿಡಬೇಡಿ. ಊರೊಳಗಿನ ಹಳೆಯ ಬಂದರು ಬೇರೆ, ಪಣಂಬೂರಿನದು ಬೇರೆ. ಎಲ್‌ಸಿಯಲ್ಲಿರುವ ಅಕ್ಷರ ನಿಮಗೆ ಒಪ್ಪಿಗೆಯಾಗದಿದ್ದರೆ ಸರಕು ಹೊರಡುವ ಮೊದಲೇ ಕೊಳ್ಳುವವರಿಗೆ ಹೇಳಿ ತಿದ್ದಿಸಿಕೊಳ್ಳಿ. ಲಾರಿ ಚಾರ್ಮಾಡಿ ಇಳಿದ ಮೇಲೆ ತಿದ್ದಲು ಕೂತರೆ ಕಷ್ಟ. ಚೀಲದ ಮೇಲೆ ನಿಮ್ಮ ತೋಟದ ಹೆಸರಿನ ಕೆಳಗೆ ಊರ ಹೆಸರು ಕನ್ನಡದಲ್ಲಿ ಅಚ್ಚು ಹಾಕಿಸಲು ಮಾತ್ರ ಯಾರ ಅಡ್ಡಿಯೂ ಇಲ್ಲ.